ಆಟಿ ತಿಂಗಳ ಹೊಳೆ ನೋಡಿ ಹಣ ಹಾಕಬೇಡಿ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ದೇಲಂಪಾಡಿ ಕಡೆ, ಸುಳ್ಯ ಗಡಿಗೆ ಹತ್ತಿರ. ಅಡಿಕೆ ತೋಟ ಇದೆ. ಪಯಸ್ವಿನಿ ಹೊಳೆಗೆ ಸೇರುವ ಇಲ್ಲಿನ ಒಂದು ದೊಡ್ಡ ತೋಡಿನಲ್ಲಿ (ಹಳ್ಳದಲ್ಲಿ) 2 ಮೆಗಾವ್ಯಾಟ್‌ನ ಕಿರು ಜಲವಿದ್ಯುತ್ ಘಟಕ ಮಾಡುತ್ತೇವೆ ಎಂದು ಒಂದು ಕಂಪನಿಯವರು ಬಂದಿದ್ದಾರೆ. ಭಾವನ ಪರಿಚಯದವರು. 10 ಲಕ್ಷ ಹಾಕಿದರೆ ವರ್ಷಕ್ಕೆ ಶೇ. 18ರಂತೆ 25 ವರ್ಷ ಆದಾಯ ಖಂಡಿತ ಅನ್ನುತ್ತಾರೆ. ಪೈಪ್ ಹಾಕಲು ತೋಟದ ಅಂಚಿನಲ್ಲಿ 12 ಅಡಿ ಅಗಲದ ಜಾಗವೂ ಬೇಕಂತೆ. ಹಣ ಹಾಕಬಹುದಾ? ಜಾಗ ಕೊಡಬಹುದಾ? ಅದು ಬೇಡ ಅಂತಾದರೆ, ಗುಡ್ಡೆಯಿಂದ ನಮ್ಮದೇ ಜಾಗಕ್ಕೆ ಇಳಿಯುವ ಸಣ್ಣ ತೋಡಿಗೆ ಮನೆಮಟ್ಟಿಗೆ ಒಂದು ಟರ್ಬೈನ್ ಕೂರಿಸಬಹುದಾ?

ಉತ್ತರ: ನಮಸ್ಕಾರ. ಮೂರು ಪ್ರಶ್ನೆ ಕೇಳಿದ್ದೀರಿ. ಮೊದಲನೆಯದಕ್ಕೆ ನೇರವಾಗಿ ಹೇಳುತ್ತೇನೆ. ನೀವು ಬರೆದಷ್ಟೇ ವಿವರ ನಿಮ್ಮ ಕೈಯಲ್ಲಿದ್ದರೆ, ಈಗ ಒಂದು ರೂಪಾಯಿಯನ್ನೂ ಹಾಕಬೇಡಿ. ಕಂಪನಿಯವರು ಕೆಟ್ಟವರು ಅಂತಲ್ಲ. ಅವರು ಒಳ್ಳೆಯವರೇ ಇರಬಹುದು. ಆದರೆ ಅವರು ನಿಮಗೆ ಹಣದ ಲೆಕ್ಕ ಕೊಟ್ಟಿದ್ದಾರೆ, ನೀರಿನ ಲೆಕ್ಕ ಕೊಟ್ಟಿಲ್ಲ. ಜಲವಿದ್ಯುತ್ತಿನಲ್ಲಿ ಹಣ ಬರುವುದು ನೀರಿನಿಂದ. ನೀರಿನ ಲೆಕ್ಕ ಇಲ್ಲದೆ ಶೇ. 18 ಅಂದರೂ ಒಂದೇ, ಶೇ. 80 ಅಂದರೂ ಒಂದೇ.

ಅವರು ನಿಮ್ಮ ತೋಡನ್ನು ನೋಡಲು ಬಂದದ್ದು ಯಾವ ತಿಂಗಳಲ್ಲಿ? ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ. ನನಗೆ ಈ ಪಾಠ ಕಲಿಸಿದ್ದು ಘಟ್ಟದ ಬುಡದ ಒಂದು ಹೊಳೆ. ಆಗ ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಮೊದಲ ಸಲ ಹೋದದ್ದು ಆಟಿ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಹೊತ್ತಿನ ಜೋರು ಮಳೆಗೆ. ಹತ್ತಿರ ನಿಂತವರ ಮಾತು ಕೇಳಿಸದಷ್ಟು ಸದ್ದು. ನೀರು ಕೆಂಪಗೆ ಉಬ್ಬಿ, ಮರದ ದಿಮ್ಮಿಗಳು ಕಡ್ಡಿಯ ಹಾಗೆ ತೇಲಿ ಹೋಗುತ್ತಿದ್ದವು. ಜೊತೆಗೆ ಬಂದ ಹೂಡಿಕೆದಾರರು ಅಲ್ಲೇ ನಿಂತು 'ಇದು ಚಿನ್ನದ ಗಣಿ' ಅಂದರು. ನನಗೂ ಹಾಗೇ ಅನ್ನಿಸಿತ್ತು. ಎರಡನೇ ಸಲ ಹೋದದ್ದು ಮಾರ್ಚ್ ಕೊನೆಯಲ್ಲಿ. ಅದೇ ಜಾಗದಲ್ಲಿ ಚಪ್ಪಲಿ ಬಿಚ್ಚದೆ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ಆಚೆ ದಡ ಸೇರಿದೆ. ನಡುವಿನ ಗುಂಡಿಯಲ್ಲಿ ಒಬ್ಬ ಅಜ್ಜಿ ಬಟ್ಟೆ ಒಗೆಯುತ್ತಿದ್ದರು. ಅಷ್ಟು ಹೊತ್ತಿಗೆ ಯೋಜನೆಯ ವರದಿ ಬರೆದಾಗಿತ್ತು, ಹಣವೂ ಅರ್ಧ ಕೂಡಿತ್ತು. ಆ ಘಟಕ ಕೊನೆಗೂ ಆಗಲಿಲ್ಲ. ಹಣ ಕೊಟ್ಟವರಲ್ಲಿ ಕೆಲವರಿಗೆ ವಾಪಸ್ ಸಿಕ್ಕಿತು, ಕೆಲವರಿಗೆ ಸಿಗಲಿಲ್ಲ. ಅವರಲ್ಲಿ ಸಣ್ಣ ರೈತರೂ ಇದ್ದರು. ಅದಕ್ಕೇ ನಿಮ್ಮ ಪತ್ರ ಓದಿದ ದಿನವೇ ಉತ್ತರ ಬರೆಯಲು ಕೂತಿದ್ದೇನೆ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುತ್ತದೆ. ಕೇಳಲು ದೊಡ್ಡ ಸಂಖ್ಯೆ. ಆದರೆ ಅದರ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ನಮ್ಮ ಹೊಳೆಗಳು ಗಿಡ್ಡ, ಇಳಿಜಾರು ಜಾಸ್ತಿ. ಜಿಲ್ಲೆಯಲ್ಲೇ ಉದ್ದದ್ದು ಚಂದ್ರಗಿರಿ, ಅಂದರೆ ನಿಮ್ಮ ಪಯಸ್ವಿನಿ. ಅದೂ ಕೊಡಗಿನ ಬೆಟ್ಟದಿಂದ ಕಡಲಿಗೆ 105 ಕಿಲೋಮೀಟರ್ ಅಷ್ಟೇ. ಬಿದ್ದ ನೀರು ಬೇಗ ಕಡಲು ಸೇರುತ್ತದೆ. ಡಿಸೆಂಬರ್ ಬಂತೆಂದರೆ ಊರವರು ಸೇರಿ ತೋಡಿಗೆ ಅಡ್ಡ ಕಟ್ಟ (ಬೇಸಿಗೆಯ ಮಟ್ಟಿಗಿನ ಒಡ್ಡು) ಕಟ್ಟುವುದು ಯಾಕೆ? ಇನ್ನು ಹರಿದು ಬರುವುದು ಕಮ್ಮಿ, ಇರುವುದನ್ನು ನಿಲ್ಲಿಸಿಕೊಳ್ಳಬೇಕು ಅಂತ ಹಿರಿಯರಿಗೆ ಗೊತ್ತಿತ್ತು. ಕಂಪನಿಯ ವರದಿಗಿಂತ ನಿಮ್ಮೂರಿನ ಕಟ್ಟದ ತಾರೀಕು ಹೆಚ್ಚು ಸತ್ಯ ಹೇಳುತ್ತದೆ. ಕಟ್ಟ ಯಾವ ತಿಂಗಳು ಕಟ್ಟುತ್ತಾರೆ, ಯಾವ ತಿಂಗಳು ಅದರ ಮೇಲೆ ನೀರು ಹರಿಯುವುದು ನಿಲ್ಲುತ್ತದೆ ಎಂದು ಹಿರಿಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಈಗ ಹಣದ ಲೆಕ್ಕಕ್ಕೆ ಬರೋಣ. ಒಂದು ಮೆಗಾವ್ಯಾಟ್‌ಗೆ ಮಾಡಿ ತೋರಿಸುತ್ತೇನೆ. ನಿಮ್ಮದು ಎರಡಾದ್ದರಿಂದ ಎಲ್ಲವನ್ನೂ ಎರಡರಿಂದ ಗುಣಿಸಿಕೊಂಡರೆ ಸಾಕು.

ಒಂದು ಮೆಗಾವ್ಯಾಟ್ ಘಟಕ ವರ್ಷವಿಡೀ ರಾತ್ರಿ ಹಗಲು ಪೂರ್ತಿ ಶಕ್ತಿಯಲ್ಲಿ ಓಡಿದರೆ 87.6 ಲಕ್ಷ ಯೂನಿಟ್ ಸಿಗುತ್ತದೆ. ಹಾಗೆ ಓಡುವುದು ಎಲ್ಲೂ ಇಲ್ಲ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ದರ ಲೆಕ್ಕ ಹಾಕುವಾಗ ಹಿಮಾಚಲ, ಉತ್ತರಾಖಂಡ, ಈಶಾನ್ಯದಂಥ ಹಿಮದ ನೀರಿನ, ಬೆಟ್ಟದ ರಾಜ್ಯಗಳಿಗೆ ಶೇ. 45 ಎಂದು ಹಿಡಿಯುತ್ತದೆ. ನಮ್ಮಂಥ ರಾಜ್ಯಗಳಿಗೆ ಶೇ. 30. ಅಂದರೆ ಸುಮಾರು 110 ದಿನ ಪೂರ್ತಿ ಲೋಡ್‌ನಲ್ಲಿ ಓಡಿ, ಉಳಿದ ದಿನ ಸುಮ್ನೆ ನಿಂತ ಲೆಕ್ಕ. ಆಗ ಸಿಗುವುದು ವರ್ಷಕ್ಕೆ 26 ಲಕ್ಷ 28 ಸಾವಿರ ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಸಿಗುತ್ತದೆ ಎಂದಿಟ್ಟುಕೊಳ್ಳಿ. ವರ್ಷದ ಆದಾಯ 1 ಕೋಟಿ 31 ಲಕ್ಷ.

ಖರ್ಚು? ಚಿಕ್ಕ ಘಟಕಕ್ಕೆ ಮೆಗಾವ್ಯಾಟ್‌ಗೆ 7.8 ಕೋಟಿ ಎಂದು ಹಿಡಿಯೋಣ. ಇದರಲ್ಲಿ ಶೇ. 70 ಬ್ಯಾಂಕ್ ಸಾಲ, ಅಂದರೆ 5 ಕೋಟಿ 46 ಲಕ್ಷ. ಉಳಿದ 2 ಕೋಟಿ 34 ಲಕ್ಷ ನಿಮ್ಮಂಥವರ ಹಣ. ಶೇ. 10 ಬಡ್ಡಿ, 13 ವರ್ಷದ ಕಂತು ಅಂದರೆ ಮೊದಲ ವರ್ಷ ಬಡ್ಡಿ ಸುಮಾರು 55 ಲಕ್ಷ, ಅಸಲು 42 ಲಕ್ಷ. ಆಪರೇಟರ್‌ಗಳ ಸಂಬಳ, ದುರಸ್ತಿ, ವಿಮೆ, ಹೂಳು ತೆಗೆಯುವುದು ಎಲ್ಲ ಸೇರಿ 30 ಲಕ್ಷ. ಒಟ್ಟು 1 ಕೋಟಿ 27 ಲಕ್ಷ. ಕೈಯಲ್ಲಿ ಉಳಿಯುವುದು 4-5 ಲಕ್ಷ. ಹಾಕಿದ 2 ಕೋಟಿ 34 ಲಕ್ಷಕ್ಕೆ ಅದು ಶೇ. 2 ಆಯಿತು. ಪೋಸ್ಟಾಫೀಸಿನಲ್ಲಿ ಇಟ್ಟರೂ ಇದಕ್ಕಿಂತ ಜಾಸ್ತಿ ಬರುತ್ತದೆ, ಅಲ್ವಾ?

ಇದೇ ಲೆಕ್ಕದಲ್ಲಿ ಶೇ. 30ರ ಬದಲು ಶೇ. 50 ಎಂದು ಬರೆಯಿರಿ. ಆದಾಯ 2 ಕೋಟಿ 19 ಲಕ್ಷಕ್ಕೆ ಏರುತ್ತದೆ. ಖರ್ಚು ಅಷ್ಟೇ ಇರುತ್ತದೆ. ಆಗ ಶೇ. 18 ಕೊಡುವುದು ಕಾಗದದ ಮೇಲೆ ಏನೂ ಕಷ್ಟವಲ್ಲ. ಇನ್ನು ಮಳೆ ಕೈಕೊಟ್ಟ ವರ್ಷ ಶೇ. 20ಕ್ಕೆ ಇಳಿಯಿತು ಅನ್ನಿ. ಆದಾಯ 87 ಲಕ್ಷ ಚಿಲ್ಲರೆ. ಬ್ಯಾಂಕಿನ ಕಂತಿಗೇ ಸಾಲುವುದಿಲ್ಲ. ಇಡೀ ಯೋಜನೆ ನಿಂತಿರುವುದು ಆ ಒಂದು ಸಂಖ್ಯೆಯ ಮೇಲೆ. ಕಂಪನಿಯವರ ಹತ್ತಿರ ಆ ಸಂಖ್ಯೆ ಎಷ್ಟು, ಅದು ಎಲ್ಲಿಂದ ಬಂತು ಎಂದು ಕೇಳಿ. ತೋಡಿನಲ್ಲಿ ಅಳತೆಯ ಪಟ್ಟಿ ನೆಟ್ಟು ಕಮ್ಮಿಯೆಂದರೂ ಎರಡು ಮೂರು ವರ್ಷ ದಿನಾ ಅಳೆದ ಪುಸ್ತಕ ಇದೆಯಾ? ಅಥವಾ ಬೇರೆ ಯಾವುದೋ ನದಿಯ ಅಂಕಿ ತಂದು, ಮಳೆ ಹೋಲಿಸಿ ಲೆಕ್ಕ ಕಟ್ಟಿದ್ದಾರಾ? ಹೋಲಿಸಿ ಲೆಕ್ಕ ಹಾಕುವುದು ತಪ್ಪಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಅದನ್ನು ನಿಜವಾದ ಅಳತೆಯ ಜೊತೆ ಪಕ್ಕಪಕ್ಕ ಇಟ್ಟು ನೋಡಿರಬೇಕು.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಸಾಲ ತೀರಿದ ಮೇಲೆ ಕಥೆ ಬೇರೆ. ಯಂತ್ರಗಳು ಚೆನ್ನಾಗಿ ನೋಡಿಕೊಂಡರೆ 35-40 ವರ್ಷ ಓಡುತ್ತವೆ. ಕಲ್ಲಿದ್ದಲು ತರಬೇಕಾಗಿಲ್ಲ. 13 ವರ್ಷ ತಾಳ್ಮೆಯಿಂದ ಇರಬಲ್ಲವರಿಗೆ ಇದು ಒಳ್ಳೆಯ ಆಸ್ತಿ. ನಿಮ್ಮ 10 ಲಕ್ಷ ಮಗಳ ಓದಿಗೋ ಮದುವೆಗೋ ಅಂತ ತೆಗೆದಿಟ್ಟದ್ದಾದರೆ, ಇದು ಅದಕ್ಕೆ ತಕ್ಕ ಜಾಗವಲ್ಲ.

'ಖಾಸಗಿಯವರು ಎಲ್ಲೂ ಲಾಭ ಮಾಡಿಲ್ಲವಾ?' ಎಂದು ನೀವು ಕೇಳಬಹುದು. ಮಾಡಿದ್ದಾರೆ. ಎಲ್ಲಿ ಮಾಡಿದ್ದಾರೆ ಎಂದು ನೋಡಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಕೇರಳದಲ್ಲಿ ಮೊದಲು ಬಂದ ಖಾಸಗಿ ಘಟಕಗಳಲ್ಲಿ ಒಂದು ಪತ್ತನಂತಿಟ್ಟ ಜಿಲ್ಲೆಯ ಮಣಿಯಾರ್. 12 ಮೆಗಾವ್ಯಾಟ್, 1994ರದ್ದು. ಕಾರ್ಬೊರಂಡಮ್ ಯೂನಿವರ್ಸಲ್ ಕಂಪನಿ ತನ್ನ ಕಾರ್ಖಾನೆಯ ಬಳಕೆಗೆ ಕಟ್ಟಿದ್ದು. ಆಮೇಲೆ ಇಡುಕ್ಕಿಯ ಕುತ್ತುಂಗಲ್, 21 ಮೆಗಾವ್ಯಾಟ್. ಅದೂ ಕಾರ್ಖಾನೆಯವರದ್ದೇ. ಎರಡರಲ್ಲೂ ಕರೆಂಟು ಕೊಳ್ಳುವವನನ್ನು ಹುಡುಕಬೇಕಾಗಿರಲಿಲ್ಲ, ಮಾಡಿದವನೇ ಬಳಸುವವನು. ಮಣಿಯಾರಿಗೆ ಇನ್ನೊಂದು ಅನುಕೂಲ. ಅದರ ಮೇಲ್ಗಡೆ ಶಬರಿಗಿರಿಯ ದೊಡ್ಡ ಜಲಾಶಯಗಳಿವೆ. ಅಲ್ಲಿ ವಿದ್ಯುತ್ ಮಾಡಿ ಬಿಟ್ಟ ನೀರು ಬೇಸಿಗೆಯಲ್ಲೂ ಕೆಳಗೆ ಹರಿದು ಬರುತ್ತದೆ. ಕರ್ನಾಟಕದಲ್ಲೂ ಹಾಗೇ. ಕೊಪ್ಪಳ ಜಿಲ್ಲೆಯ ಶಿವಪುರದಲ್ಲಿ 90ರ ದಶಕದ ಆರಂಭದಲ್ಲಿ ಭೋರುಕಾದವರು ಮಾಡಿದ 18 ಮೆಗಾವ್ಯಾಟ್ ಘಟಕ ನಿಂತಿರುವುದು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ. ಬೇರೆಯವರು ಕಟ್ಟಿದ ದೊಡ್ಡ ಅಣೆಕಟ್ಟಿನ ಕೆಳಗೆ ಇರುವವರಿಗೆ ನೀರು ವರ್ಷದ ಹೆಚ್ಚು ದಿನ ಹಂಚಿ ಬರುತ್ತದೆ. ನಿಮ್ಮ ತೋಡಿನ ಮೇಲ್ಗಡೆ ಯಾವ ಜಲಾಶಯವೂ ಇಲ್ಲ. ಗುಡ್ಡೆ, ಕಾಡು, ಮಳೆ, ಅಷ್ಟೇ.

ಇನ್ನೊಂದು ಬಗೆಯದ್ದೂ ಇದೆ, ನನಗೆ ತುಂಬ ಇಷ್ಟವಾದದ್ದು. ಪಾಲಕ್ಕಾಡಿನ ಮೀನ್‌ವಲ್ಲಂ, 3 ಮೆಗಾವ್ಯಾಟ್, 2014ರಲ್ಲಿ ಶುರುವಾಯಿತು. ಅದರ ಹಿಂದೆ ಇರುವುದು ಪಾಲಕ್ಕಾಡು ಜಿಲ್ಲಾ ಪಂಚಾಯತು. ಪಂಚಾಯತಿನವರೇ ಕಂಪನಿ ಮಾಡಿ, ಜಲಪಾತದ ನೀರಿನಿಂದ ಕರೆಂಟು ಮಾಡಿ ಗ್ರಿಡ್ಡಿಗೆ ಮಾರುತ್ತಾರೆ. ನಮ್ಮ ಕಡೆಯ ಪಂಚಾಯತುಗಳಲ್ಲಿ ಯಾರಿಗಾದರೂ ಮನಸ್ಸಿದ್ದರೆ ಒಮ್ಮೆ ಹೋಗಿ ನೋಡಿ ಬರಬೇಕಾದ ಜಾಗ ಅದು.

ಗಡಿಯ ವಿಷಯಕ್ಕೆ ಬರುತ್ತೇನೆ. ನೀವಿರುವ ಜಾಗಕ್ಕೆ ಇದು ತುಂಬ ಮುಖ್ಯ. ನೀರನ್ನು ಪೈಪಿಗೆ ತಿರುಗಿಸುವ ಒಡ್ಡು ಯಾವ ರಾಜ್ಯದಲ್ಲಿ? ಪೈಪಿನ ಕೆಳಗೆ ಟರ್ಬೈನ್ ಇರುವ ಪವರ್ ಹೌಸ್ ಯಾವ ರಾಜ್ಯದಲ್ಲಿ? ಕೇರಳದ ಬದಿಯಾದರೆ ನೋಡಿಕೊಳ್ಳುವುದು ಎನರ್ಜಿ ಮ್ಯಾನೇಜ್‌ಮೆಂಟ್ ಸೆಂಟರ್, ದರ ಹೇಳುವುದು ಕೇರಳದ ವಿದ್ಯುತ್ ನಿಯಂತ್ರಣ ಆಯೋಗ, ಕೊಳ್ಳುವುದು ರಾಜ್ಯದ ವಿದ್ಯುತ್ ಮಂಡಳಿ ಕೆಎಸ್‌ಇಬಿ. ಕೇರಳದ 2012ರ ಕಿರು ಜಲವಿದ್ಯುತ್ ನೀತಿಯಲ್ಲಿ ಖಾಸಗಿಯವರು ಕಟ್ಟಿ, 30 ವರ್ಷ ನಡೆಸಿ, ಆಮೇಲೆ ಸರ್ಕಾರಕ್ಕೆ ಬಿಟ್ಟುಕೊಡುವ ಕರಾರು ಇದೆ. ಮಣಿಯಾರಿನದ್ದೂ 30 ವರ್ಷದ್ದೇ. ಅದು 2024ರ ಡಿಸೆಂಬರಿಗೆ ಮುಗಿಯಿತು. ಮುಂದುವರಿಸಬೇಕಾ, ಕೆಎಸ್‌ಇಬಿ ವಹಿಸಿಕೊಳ್ಳಬೇಕಾ ಎಂಬುದು ರಾಜ್ಯದಲ್ಲಿ ದೊಡ್ಡ ಜಗಳವೇ ಆಯಿತು. ಪವರ್ ಹೌಸ್ ಸುಳ್ಯದ ಬದಿಯಾದರೆ ಎಲ್ಲ ಬೇರೆ. ಅಲ್ಲಿ ನೋಡಿಕೊಳ್ಳುವುದು ಕ್ರೆಡಲ್ (ಕರ್ನಾಟಕದ ನವೀಕರಿಸಬಹುದಾದ ಇಂಧನ ನಿಗಮ), ದರಕ್ಕೆ ಕರ್ನಾಟಕದ ಆಯೋಗ, ಕೊಳ್ಳಲು ಮೆಸ್ಕಾಂ. ಒಡ್ಡು ಒಂದು ಕಡೆ, ಪವರ್ ಹೌಸ್ ಇನ್ನೊಂದು ಕಡೆ ಅಂತಾದರೆ ಎರಡು ಸರ್ಕಾರಗಳ ಒಪ್ಪಿಗೆ ಬೇಕು. ಅಂಥದ್ದಕ್ಕೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಗಡಿಯಲ್ಲಿ ಹುಟ್ಟಿ ಬೆಳೆದ ನಿಮಗೆ ನಾನು ಹೇಳಬೇಕಾಗಿಲ್ಲ. ಇನ್ನು, ಕೇರಳದಲ್ಲಿ ಹೊಳೆ ತೋಡುಗಳ ನೀರು ಸರ್ಕಾರದ್ದು. 2003ರ ನೀರಾವರಿ ಮತ್ತು ಜಲಸಂರಕ್ಷಣಾ ಕಾಯಿದೆ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ 'ನಮಗೆ ಈ ತೋಡು ಮಂಜೂರಾಗಿದೆ' ಎಂದು ಬಾಯಲ್ಲಿ ಹೇಳಿದರೆ ಸಾಲದು. ಮಂಜೂರಾತಿ ಆದೇಶದ ಪ್ರತಿ ಕೇಳಿ. ಕಂಪನಿಯ ಹೆಸರು, ತೋಡಿನ ಹೆಸರು, ಮೆಗಾವ್ಯಾಟ್, ತಾರೀಕು, ನಾಲ್ಕೂ ಅದರಲ್ಲಿ ಇರಬೇಕು.

'25 ಮೆಗಾವ್ಯಾಟ್‌ಗಿಂತ ಕಮ್ಮಿ ಆದ್ದರಿಂದ ಪರಿಸರದ ಅನುಮತಿಯೇ ಬೇಡ' ಎಂದು ಅವರು ಹೇಳಿರಬಹುದು. ಇದು ಅರ್ಧ ಸತ್ಯ. 2006ರ ಅಧಿಸೂಚನೆಯ ಪ್ರಕಾರ 25ಕ್ಕಿಂತ ಕಮ್ಮಿಯವಕ್ಕೆ ಪರಿಸರ ಪರಿಣಾಮದ ಅಧ್ಯಯನ ಬೇಡ, ನಿಜ. ಆದರೆ ಅರಣ್ಯದ ಒಂದು ಸೆಂಟ್ ಜಾಗ ಬೇಕಾದರೂ ಕೇಂದ್ರದ ಅರಣ್ಯ ಕಾಯಿದೆಯ ಅನುಮತಿ ಬೇಕೇ ಬೇಕು. ನಿಮ್ಮ ಕಡೆ ಮೀಸಲು ಅರಣ್ಯ ಇದೆ. ಪೈಪ್, ರಸ್ತೆ, ವಿದ್ಯುತ್ ಲೈನ್ ಮೂರೂ ಕಾಡು ದಾಟದೆ ಹೋಗುತ್ತವಾ ಎಂದು ನಕ್ಷೆ ಹಿಡಿದು ನೋಡಿ. ಸಣ್ಣ ಘಟಕ ಎಂದರೆ ಹಾನಿಯೂ ಸಣ್ಣದು ಎಂಬ ಮಾತನ್ನು ನಾನು ಈಗ ಹಾಗೇ ಒಪ್ಪುವುದಿಲ್ಲ. ನೇತ್ರಾವತಿಯ ಉಪನದಿಗಳಲ್ಲಿ ಸಂಶೋಧಕರು ನೋಡಿದ್ದಾರೆ. ಒಡ್ಡಿನಿಂದ ಪವರ್ ಹೌಸ್‌ವರೆಗೆ ನೀರು ಬತ್ತಿದ ಭಾಗದಲ್ಲಿ ನೀರು ಬಿಸಿಯಾಗುತ್ತದೆ, ಅಲ್ಲಿ ಬದುಕುವ ಮೀನುಗಳೇ ಬದಲಾಗುತ್ತವೆ.

ಇನ್ನೊಂದು ವಿಷಯ ಹೆಚ್ಚಿನ ವರದಿಗಳಲ್ಲಿ ಇರುವುದೇ ಇಲ್ಲ. ಘಟಕ ಓಡಬೇಕಾದರೆ ಗ್ರಿಡ್ ಲೈನಿನಲ್ಲಿ ಕರೆಂಟು ಇರಬೇಕು. ಲೈನ್ ಟ್ರಿಪ್ ಆದರೆ ಘಟಕವೂ ನಿಲ್ಲುತ್ತದೆ. ನಮ್ಮ ಕಡೆ ಲೈನ್ ಟ್ರಿಪ್ ಆಗುವುದು ಯಾವಾಗ? ಜೋರು ಗಾಳಿಮಳೆಗೆ ರಬ್ಬರ್ ಕೊಂಬೆಯೋ ಅಡಿಕೆ ಸೋಗೆಯೋ ತಂತಿಗೆ ಬಿದ್ದಾಗ. ಅಂದರೆ ತೋಡು ತುಂಬಿ ಹರಿಯುವ ಅದೇ ದಿನಗಳಲ್ಲಿ. ವರ್ಷದ ಗಳಿಕೆಯೆಲ್ಲ 110 ದಿನದಲ್ಲಿ ಆಗಬೇಕು, ಅದರಲ್ಲಿ ದಿನಕ್ಕೆ ನಾಲ್ಕು ಗಂಟೆ ಲೈನ್ ಇಲ್ಲ ಅಂತಾದರೆ ಆರರಲ್ಲಿ ಒಂದು ಪಾಲು ಹೋಯಿತು. ಕಳೆದ ಮಳೆಗಾಲದಲ್ಲಿ ನಿಮ್ಮ ಮನೆಗೆ ಎಷ್ಟು ದಿನ, ಎಷ್ಟು ಗಂಟೆ ಕರೆಂಟು ಇರಲಿಲ್ಲ? ಘಟಕಕ್ಕೂ ಅದೇ ಫೀಡರ್ (ನಿಮ್ಮ ಊರಿಗೆ ಕರೆಂಟು ತರುವ ಲೈನ್) ಆದರೆ ಲೆಕ್ಕವೂ ಅದೇ. ಬೇರೆ ಲೈನ್ ಎಳೆಯುತ್ತಾರೆ ಅಂತಾದರೆ, ಸಬ್‌ಸ್ಟೇಶನ್‌ವರೆಗೆ ಅದರ ಖರ್ಚು ಯಾರದ್ದು? ಅದನ್ನೂ ಬರೆದು ಕೊಡಲಿ.

ಕರೆಂಟು ಕೊಳ್ಳುವ ಒಪ್ಪಂದ ಸಹಿ ಆಗಿದೆಯಾ ಎಂಬುದನ್ನೂ ನೋಡಬೇಕು. ಕೇರಳಕ್ಕೆ ಕರೆಂಟಿನ ಬರ ಬರುವುದು ಮಾರ್ಚ್‌ನಿಂದ ಮೇವರೆಗೆ. ನಿಮ್ಮ ತೋಡು ಕೊಡುವುದು ಜೂನ್‌ನಿಂದ ಅಕ್ಟೋಬರ್‌ವರೆಗೆ. ಆಗ ಇಡುಕ್ಕಿಯ ಜಲಾಶಯಗಳೂ ತುಂಬಿರುತ್ತವೆ. ಇತ್ತ ಸೋಲಾರ್ ಅಗ್ಗವಾಗಿದೆ. ನಮ್ಮದೇ ಜಿಲ್ಲೆಯ ಅಂಬಲತ್ತರದಲ್ಲಿ 50 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. 2020ರ ಕೊನೆಗೆ ಗುಜರಾತಿನ ಒಂದು ಹರಾಜಿನಲ್ಲಿ ಸೋಲಾರ್ ಯೂನಿಟ್ 1 ರೂಪಾಯಿ 99 ಪೈಸೆಗೆ ಇಳಿದಿತ್ತು. ಹೀಗಿರುವಾಗ ಮಳೆಗಾಲದ ಕರೆಂಟಿಗೆ 25 ವರ್ಷ ಒಳ್ಳೆಯ ದರ ಸಿಗುತ್ತದೆ ಎನ್ನುವುದನ್ನು ಸಹಿಯಾದ ಒಪ್ಪಂದ ನೋಡಿಯೇ ನಂಬಬೇಕು.

ಕಂಪನಿಯ ಕಾಗದಪತ್ರದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಒಬ್ಬ ಒಳ್ಳೆಯ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಅರ್ಧ ಗಂಟೆ ಕೂತರೆ ಸಾಕು. ಇಷ್ಟು ಮಾತ್ರ ತಿಳಿದಿರಲಿ. ಪ್ರೈವೇಟ್ ಲಿಮಿಟೆಡ್ ಕಂಪನಿ ಊರವರಿಂದೆಲ್ಲ ಡೆಪಾಸಿಟ್ ಎತ್ತುವ ಹಾಗಿಲ್ಲ. ಷೇರು ಕೊಡುವುದಾದರೆ ನಿಮ್ಮ ಹೆಸರಿಗೇ ಬರೆದ ಆಫರ್ ಪತ್ರ ಬರಬೇಕು. ಹಣ ಬ್ಯಾಂಕ್ ಮೂಲಕವೇ ಹೋಗಬೇಕು, ನಗದು ಕೊಡುವ ಹಾಗಿಲ್ಲ. 60 ದಿನದಲ್ಲಿ ಷೇರು ಕೊಡಬೇಕು, ಇಲ್ಲದಿದ್ದರೆ ಅದರ ಮೇಲೆ 15 ದಿನದಲ್ಲಿ ಹಣ ವಾಪಸ್ ಮಾಡಬೇಕು. ಷೇರಿಗೆ 'ಖಂಡಿತ ಶೇ. 18' ಎಂಬ ಮಾತೇ ಇಲ್ಲ. ಲಾಭ ಬಂದರೆ ಪಾಲು, ಬಾರದಿದ್ದರೆ ಇಲ್ಲ. ಖಂಡಿತ ಎಂದು ಬರೆದು ಕೊಡುತ್ತಾರೆ ಅಂತಾದರೆ ಅದು ಡೆಪಾಸಿಟ್ ಆಗುತ್ತದೆ. ಅನುಮತಿ ಇಲ್ಲದ ಡೆಪಾಸಿಟ್ಟನ್ನು 2019ರ ಕಾಯಿದೆ ನಿಷೇಧಿಸಿದೆ.

ಭಾವನ ಪರಿಚಯದವರು ಅಂದಿರಿ. ಕಾಗದ ಕೇಳಿದರೆ ಭಾವನಿಗೆ ಬೇಸರವಾದೀತು ಎಂಬ ಅಳುಕು ನಿಮಗಿರಬಹುದು. ಭಾವನನ್ನೂ ಜೊತೆಗೆ ಕೂರಿಸಿಕೊಂಡೇ ಕೇಳಿ. 'ಭಾವ, ಇಬ್ಬರೂ ಒಟ್ಟಿಗೆ ನೋಡುವ' ಅನ್ನಿ. ಹತ್ತು ಲಕ್ಷ ಹೋದ ಮೇಲೆ ಆಗುವ ಬೇಸರದ ಮುಂದೆ ಇದು ಏನೂ ಅಲ್ಲ.

ಎರಡನೇ ಪ್ರಶ್ನೆ, ಜಾಗದ್ದು. 12 ಅಡಿ ಪಟ್ಟಿ ಎಂದರೆ ಸುಮ್ನೆ ಅಂಚು ಅಲ್ಲ. ಪೈಪ್ ಹೂಳಲು ಹಿಟಾಚಿ ಬರಬೇಕು, ಅದು ತಿರುಗಲು ಇನ್ನೂ ಜಾಗ ಬೇಕು. ಆಚೀಚೆಯ ಅಡಿಕೆ ಮರಗಳ ಬೇರು ಕಡಿಯುತ್ತದೆ. ಕ್ರಯ ಮಾಡಿ ಕೊಡಬೇಡಿ. ಕೊಡುವುದಾದರೆ ಗೇಣಿಗೆ, ವರ್ಷಕ್ಕೆ ಇಷ್ಟು ಎಂದು, ಮೂರು ವರ್ಷಕ್ಕೊಮ್ಮೆ ಏರುವ ಹಾಗೆ. ಇಷ್ಟು ವರ್ಷದಲ್ಲಿ ಕೆಲಸ ಶುರುವಾಗದಿದ್ದರೆ ಜಾಗ ತಾನಾಗಿ ವಾಪಸ್ ಎಂಬ ಸಾಲು ಕರಾರಿನಲ್ಲಿ ಇರಲೇಬೇಕು. ಪೈಪ್ ಒಡೆದು ತೋಟ ಕೊಚ್ಚಿಹೋದರೆ ಹೊಣೆ ಯಾರು ಎಂಬುದೂ ಇರಬೇಕು. ಪೈಪಿನಲ್ಲಿ ಬರುವ ನೀರಿನ ಒತ್ತಡ ಎಂಥದ್ದೆಂದರೆ, ಒಂದು ಜಾಯಿಂಟ್ ಬಿಟ್ಟರೆ ಹತ್ತು ನಿಮಿಷದಲ್ಲಿ ಗುಡ್ಡೆಯ ಮಣ್ಣು ತೋಟದಲ್ಲಿ ಇರುತ್ತದೆ. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಂಟು ವರ್ಷದ ಮರಗಳು ಬುಡಸಮೇತ ಮಲಗಿದ್ದವು, ಮೇಲೆ ಮೊಣಕಾಲಿನವರೆಗೆ ಜಂಬಿಟ್ಟಿಗೆ ಮಣ್ಣು.

ಜಾಗಕ್ಕಿಂತ ದೊಡ್ಡದು ಕಟ್ಟದ ನೀರು. ಒಡ್ಡಿನಿಂದ ಪವರ್ ಹೌಸ್‌ವರೆಗಿನ ಭಾಗದಲ್ಲಿ ಯಾರ ಕಟ್ಟ ಇದೆ, ಯಾರ ಪಂಪ್ ಇದೆ, ಯಾರ ಬಾವಿಗೆ ಆ ತೋಡಿನ ಒಸರು ಹೋಗುತ್ತದೆ? ಡಿಸೆಂಬರಿನಿಂದ ಮೇ ಕೊನೆಯವರೆಗೆ ಒಂದು ಹನಿಯನ್ನೂ ಪೈಪಿಗೆ ತಿರುಗಿಸುವುದಿಲ್ಲ ಎಂದು ಕಂಪನಿ ಬರೆದು ಕೊಡಲಿ. ಆ ಹೊತ್ತಿಗೆ ಘಟಕ ಓಡಿಸಿ ಅವರಿಗೆ ಸಿಗುವುದೂ ಕಮ್ಮಿಯೇ, ಹಾಗಾಗಿ ಒಪ್ಪಬೇಕು. ಒಪ್ಪುವುದಿಲ್ಲ ಅಂತಾದರೆ ಅವರ ಆದಾಯದ ಲೆಕ್ಕದಲ್ಲಿ ನಿಮ್ಮ ಬೇಸಿಗೆಯ ನೀರೂ ಸೇರಿದೆ ಎಂದು ತಿಳಿಯಿರಿ. ಈ ಮಾತನ್ನು ನೀವೊಬ್ಬರೇ ಆಡಬೇಡಿ. ಕಟ್ಟಕ್ಕೆ ಕೈ ಹಾಕುವ ಎಲ್ಲ ಮನೆಯವರೂ ಸೇರಿ ಆಡಿ.

ಮೂರನೇ ಪ್ರಶ್ನೆಗೆ ಖುಷಿಯಿಂದ ಉತ್ತರಿಸುತ್ತೇನೆ. ಮನೆಮಟ್ಟಿಗೆ ಸಣ್ಣ ಟರ್ಬೈನ್, ಇದು ನಮ್ಮ ಕಡೆಗೆ ಹೇಳಿ ಮಾಡಿಸಿದ್ದು. ಸುಳ್ಯ, ಬೆಳ್ತಂಗಡಿ, ಚಿಕ್ಕಮಗಳೂರು, ಕೊಡಗಿನ ಕಡೆ ಕರೆಂಟಿನ ಲೈನ್ ತಲುಪದ ಎಷ್ಟೋ ಮನೆಗಳಿಗೆ ಬೆಳಕು ಕೊಟ್ಟದ್ದು ಇದೇ. ಬೇಕಾದದ್ದು ಎರಡು, ನೀರು ಬೀಳುವ ಎತ್ತರ ಮತ್ತು ಸೆಕೆಂಡಿಗೆ ಎಷ್ಟು ಲೀಟರ್ ನೀರು. ಎರಡನ್ನೂ ಗುಣಿಸಿ, ಅದನ್ನು 5ರಿಂದ ಗುಣಿಸಿ. ಸಿಗುವುದು ವ್ಯಾಟ್. ಪುಸ್ತಕದ ಲೆಕ್ಕದಲ್ಲಿ 5ರ ಜಾಗದಲ್ಲಿ 9.8 ಇದೆ. ಸಣ್ಣ ಯಂತ್ರದಲ್ಲಿ ಅರ್ಧದಷ್ಟು ನಷ್ಟವಾಗುವುದರಿಂದ 5 ಹಿಡಿದರೆ ಮೋಸ ಹೋಗುವುದಿಲ್ಲ.

ಎತ್ತರ ಅಳೆಯಲು ಮೇಸ್ತ್ರಿಗಳು ಬಳಸುವ ಲೆವೆಲ್ ಪೈಪ್ ಸಾಕು. ಇಬ್ಬರು ಬೇಕು. ಮೇಲಿನಿಂದ ಶುರು ಮಾಡಿ, ಒಂದು ಕೋಲಿನ ಎತ್ತರ ಇಳಿದು ಗುರುತು, ಮತ್ತೆ ಅಲ್ಲಿಂದ ಇನ್ನೊಂದು. ಗುರುತುಗಳನ್ನು ಕೂಡಿಸಿದರೆ ಎತ್ತರ. ಮೊಬೈಲಿನಲ್ಲಿ ತೋರಿಸುವ ಎತ್ತರವನ್ನು ನಂಬಬೇಡಿ. ನಿಜವಾದ ಎತ್ತರ 18 ಮೀಟರ್ ಅನ್ನಿ, ಅದು 5-10 ಮೀಟರ್ ಆಚೀಚೆ ಹೇಳಿಬಿಡುತ್ತದೆ.

ನೀರಿಗೆ, ಒಂದು ಪ್ಲೈವುಡ್ ಹಲಗೆ ತನ್ನಿ. ಅದರ ನಡುವೆ ಮೇಲಿನಿಂದ ಇಂಗ್ಲಿಷಿನ 'ವಿ' ಅಕ್ಷರದ ಆಕಾರಕ್ಕೆ, 90 ಡಿಗ್ರಿ ಕೋನ ಬರುವ ಹಾಗೆ ಕತ್ತರಿಸಿ. ತೋಡಿಗೆ ಅಡ್ಡ ನಿಲ್ಲಿಸಿ, ಅಡಿಯಿಂದ ಬದಿಯಿಂದ ನೀರು ಸೋರದಂತೆ ಜೇಡಿಮಣ್ಣು ಮೆತ್ತಿ. ಎಲ್ಲ ನೀರೂ ಆ ಕಚ್ಚಿನಿಂದಲೇ ಬೀಳಬೇಕು. ಹಲಗೆಯಿಂದ ಮೂರು ಅಡಿ ಹಿಂದೆ, ನಿಂತ ನೀರಿನಲ್ಲಿ ಒಂದು ಗೂಟ ನೆಟ್ಟು, ಕಚ್ಚಿನ ತಳದ ಮಟ್ಟವನ್ನು ಅದರಲ್ಲಿ ಗುರುತು ಮಾಡಿ. ಆ ಗುರುತಿನಿಂದ ನೀರಿನ ಮೇಲ್ಮೈ 10 ಸೆಂಟಿಮೀಟರ್ ಮೇಲಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್. 15 ಇದ್ದರೆ 12 ಲೀಟರ್. 20 ಇದ್ದರೆ ಸುಮಾರು 25 ಲೀಟರ್. ವಾರಕ್ಕೊಮ್ಮೆ, ಅದೇ ದಿನ ಅದೇ ಹೊತ್ತಿಗೆ, ಮಕ್ಕಳ ಹಳೇ ನೋಟ್ ಪುಸ್ತಕದಲ್ಲಿ ಬರೆಯುತ್ತ ಹೋಗಿ. ದೊಡ್ಡ ನೆರೆಗೆ ಹಲಗೆ ಕೊಚ್ಚಿಹೋದರೆ ಚಿಂತೆ ಇಲ್ಲ, ಆ ನೀರಿನ ಲೆಕ್ಕ ನಮಗೆ ಬೇಡ. ನಮಗೆ ಬೇಕಾದದ್ದು ಅಕ್ಟೋಬರಿನಿಂದ ಮುಂದಿನದು.

18 ಮೀಟರ್ ಎತ್ತರ, ಸೆಕೆಂಡಿಗೆ 8 ಲೀಟರ್ ಸಿಕ್ಕಿತು ಅನ್ನಿ. 720 ವ್ಯಾಟ್. ಇಷ್ಟೇನಾ ಅನ್ನಿಸಬಹುದು. ಆದರೆ ಇದು ಸೋಲಾರಿನ ಹಾಗೆ ಮಧ್ಯಾಹ್ನ ಮಾತ್ರ ಅಲ್ಲ, ರಾತ್ರಿ ಹಗಲು ಬರುತ್ತದೆ. ದಿನಕ್ಕೆ 17 ಯೂನಿಟ್ ಆಯಿತು. ಸೋಲಾರ್ ಪ್ಯಾನೆಲ್ ಮಂಕಾಗಿರುವ, ಲೈನ್ ಕೈಕೊಡುವ ಮಳೆಗಾಲದಲ್ಲೇ ಇದು ಪೂರ್ತಿ ಕೊಡುತ್ತದೆ. ಲೈಟು, ಫ್ಯಾನು, ಟಿವಿ, ಫ್ರಿಜ್ ಎಲ್ಲ ನಡೆಯುತ್ತದೆ. ದೊಡ್ಡ ಘಟಕಕ್ಕೆ ತೊಂದರೆ ಕೊಟ್ಟ ಅದೇ ಮಳೆ ಇಲ್ಲಿ ನಿಮ್ಮ ಪರವಾಗಿ ಇರುತ್ತದೆ.

ಎಲ್ಲರೂ ತಪ್ಪು ಮಾಡುವುದು ಪೈಪಿನಲ್ಲಿ. ಮನೆಯಲ್ಲಿ 63 ಎಂಎಂ ಪಿವಿಸಿ ಬಿದ್ದಿದೆ, ಅದನ್ನೇ ಹಾಕುವ ಅನ್ನುತ್ತಾರೆ. ಸೆಕೆಂಡಿಗೆ 8 ಲೀಟರ್ ನೀರು ಆ ಪೈಪಿನಲ್ಲಿ 100 ಮೀಟರ್ ಹೋಗುವಷ್ಟರಲ್ಲಿ ತಿಕ್ಕಾಟಕ್ಕೇ ಸುಮಾರು 14 ಮೀಟರ್ ಎತ್ತರ ಕರಗಿಹೋಗುತ್ತದೆ. 18ರಲ್ಲಿ ಉಳಿಯುವುದು 4. ಅದೇ 110 ಎಂಎಂ ಹಾಕಿದರೆ ಹೋಗುವುದು ಒಂದು ಮೀಟರಿಗೂ ಕಮ್ಮಿ. ಹಣ ಉಳಿಸಬೇಕಾದ ಜಾಗ ಪೈಪ್ ಅಲ್ಲ. ಆನೆ ಓಡಾಡುವ ಕಡೆಯಾದ್ದರಿಂದ ಪೂರ್ತಿ ಹೂಳಿ.

ನೀರು ಪೈಪಿಗೆ ಇಳಿಯುವ ಮೊದಲು ಒಂದು ಸಣ್ಣ ತೊಟ್ಟಿ ಬೇಕು, ಮರಳು ಅಲ್ಲಿ ಕೂರಲಿ. ತೊಟ್ಟಿಯ ಬಾಯಿಗೆ ಜಾಲರಿ. ಮಳೆಗಾಲದಲ್ಲಿ ಅಡಿಕೆ ಹಾಳೆ, ಸೋಗೆ, ಹಲಸಿನ ಎಲೆ ಬಂದು ಜಾಲರಿ ಮುಚ್ಚುತ್ತದೆ, ದಿನಾ ಬೆಳಿಗ್ಗೆ ಒಮ್ಮೆ ಹೋಗಿ ತೆಗೆಯಬೇಕು. ಈ ಕೆಲಸ ಯಾರು ಮಾಡುತ್ತಾರೆ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ. ಕೆಟ್ಟು ಮೂಲೆ ಸೇರಿದ ಟರ್ಬೈನ್‌ಗಳಲ್ಲಿ ಹೆಚ್ಚಿನವು ನಿಂತದ್ದು ಯಂತ್ರದ ತಪ್ಪಿನಿಂದಲ್ಲ, ಜಾಲರಿ ತೆಗೆಯುವವರು ಇಲ್ಲದೆ. ಇಷ್ಟು ಎತ್ತರಕ್ಕೆ ಪೆಲ್ಟನ್ ಅಥವಾ ಕ್ರಾಸ್‌ಫ್ಲೋ ಚಕ್ರ ಆಗಬಹುದು. ಯಾವುದು ಎಂಬುದನ್ನು ಅಳತೆ ಸಿಕ್ಕಿದ ಮೇಲೆ ಹೇಳಬಹುದು. ಜೊತೆಗೆ ಲೋಡ್ ಕಂಟ್ರೋಲರ್ ಬೇಕೇ ಬೇಕು. ಮನೆಯಲ್ಲಿ ಲೈಟು ಆರಿಸಿದಾಗ ಉಳಿದ ಕರೆಂಟನ್ನು ಅದು ಒಂದು ಹೀಟರಿಗೆ ಕಳಿಸುತ್ತದೆ, ಇಲ್ಲದಿದ್ದರೆ ಚಕ್ರ ಮಿತಿಮೀರಿ ತಿರುಗುತ್ತದೆ. ಆ ಹೀಟರನ್ನು ಬಚ್ಚಲಿನ ಹಂಡೆಯ ನೀರಿಗೆ ಇಳಿಸಿದರೆ ಇಡೀ ಮಳೆಗಾಲ ಸೌದೆ ಇಲ್ಲದೆ ಬಿಸಿನೀರು. ಏಪ್ರಿಲ್-ಮೇಯ ಸಿಡಿಲಿಗೆ ಸರ್ಜ್ ಅರೆಸ್ಟರ್ ಮತ್ತು ಒಳ್ಳೆಯ ಅರ್ತಿಂಗ್ ಮಾಡಿಸಿ. ಬೇಸಿಗೆಯಲ್ಲಿ ಟರ್ಬೈನ್ ನಿಂತಿದ್ದರೂ ವೈರ್ ಅಲ್ಲೇ ಇರುತ್ತದಲ್ಲ.

ಇನ್ನು ಒಂದು ವಿಷಯದಲ್ಲಿ ಮಾತ್ರ ಸ್ವಲ್ಪವೂ ಸಡಿಲ ಬೇಡ. ಟರ್ಬೈನಿನ ಕರೆಂಟು ಮತ್ತು ಕೆಎಸ್‌ಇಬಿ ಕರೆಂಟು ಒಂದೇ ವೈರಿನಲ್ಲಿ ಸೇರಬಾರದು. ನಡುವೆ ಚೇಂಜ್‌ಓವರ್ ಸ್ವಿಚ್ ಇರಲಿ. ಲೈನ್ ಆಫ್ ಆಗಿದೆ ಎಂದು ಕಂಬ ಹತ್ತಿದ ಲೈನ್‌ಮ್ಯಾನಿಗೆ ನಿಮ್ಮ ಮನೆಯಿಂದ ಹಿಂದಕ್ಕೆ ಹೋದ ಕರೆಂಟು ಹೊಡೆದರೆ ಜೀವವೇ ಹೋಗುತ್ತದೆ. ಪಂಚಾಯತಿಗೂ ಕೆಎಸ್‌ಇಬಿ ಸೆಕ್ಷನ್ ಆಫೀಸಿಗೂ ತಿಳಿಸಿಯೇ ಕೆಲಸ ಶುರು ಮಾಡಿ. ಟರ್ಬೈನಿನಿಂದ ಹೊರಬಂದ ನೀರು ಮತ್ತೆ ಅದೇ ತೋಡಿಗೆ, ಕೆಳಗಿನವರ ಜಾಗಕ್ಕಿಂತ ಮೇಲೆಯೇ ಸೇರಬೇಕು. ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನು ಇದಕ್ಕೆ ತಿರುಗಿಸುವ ಯೋಚನೆ ಬೇಡ. ಅದು ಕುಡಿಯಲು ಮತ್ತು ತೋಟಕ್ಕೆ, ಟರ್ಬೈನಿಗೆ ಅಷ್ಟು ನೀರು ಸಾಲದು.

ಹಲಗೆ ನೆಟ್ಟ ಮೇಲೆ ಅಕ್ಟೋಬರಿನಿಂದ ಮಾರ್ಚ್‌ವರೆಗಿನ ಅಳತೆಯ ಪುಟಗಳ ಫೋಟೋ ತೆಗೆದು ಕಳಿಸಿ. ಪೈಪಿನ ಉದ್ದ, ಎತ್ತರ, ಮನೆಗೆ ಎಷ್ಟು ದೂರ ಎಂಬುದನ್ನೂ ಬರೆಯಿರಿ. ಯಾವ ಚಕ್ರ, ಎಷ್ಟು ದಪ್ಪದ ವೈರ್ ಎಂದು ಆಗ ಕೂತು ಲೆಕ್ಕ ಹಾಕೋಣ. ಆ ಕಂಪನಿಯವರಿಗೂ ಅದೇ ತಿಂಗಳುಗಳ ಅಳತೆ ತೋರಿಸಲು ಹೇಳಿ.